ಓದದೆ ಬಿಟ್ಟ ಎರಡು ಹಾಳೆ

ಆಕೆಗೆ ಓದಲು ಬರುತ್ತಿರಲಿಲ್ಲ. ಈ ಸಂಗತಿ ಮೂವತ್ತೈದು ವರ್ಷ ಗೊತ್ತಿದ್ದದ್ದು ಇಬ್ಬರಿಗೇ: ಒಬ್ಬಳು ಆಕೆ, ಇನ್ನೊಬ್ಬ ನಾನು. ನಮ್ಮ ಸೀಮೆಯವರಿಗೆ ಹೇಳಿದರೆ ಈಗಲೂ ನಂಬಲಿಕ್ಕಿಲ್ಲ. ಅವರು ಆಕೆಯ ಬಾಯಿಂದ ಕೇಳಿದ ಕನ್ನಡವೇ ಅಂಥದ್ದು. ಮಹಾರಾಣಿಯಾಗಿ ಆಕೆ ದೊರೆಗೆ ನ್ಯಾಯ ಹೇಳುತ್ತಿದ್ದರೆ ಮುಂದಿನ ಸಾಲಿನ ಹೈಸ್ಕೂಲ್ ಮಾಸ್ತರರು ಕೂಡ ಕತ್ತು ಚಾಚಿ ಕೇಳುತ್ತಿದ್ದರು. "ಬಾಯಾರು ಎಷ್ಟು ಓದಿಕೊಂಡಾರ ನೋಡ್ರಿ" ಎಂದು ಸೊರಟೂರಿನಲ್ಲಿ ಹಿರಿಯರೊಬ್ಬರು ನನ್ನೆದುರಿಗೇ ಕೊಂಡಾಡಿದ್ದರು. ನಾನು ಹೌದು ಹೌದು ಎಂದು ತಲೆ ಆಡಿಸಿ ಒಳಗೊಳಗೇ ಬೀಗಿದ್ದೆ. ಆ ಮಾತೆಲ್ಲ ಆಕೆಗೆ ಓದಿ ಹೇಳಿದವನು ನಾನೇ ಅಲ್ಲವೇ!

ನಮ್ಮದು ಬೆಟಗೇರಿಯ ಕೈಮಗ್ಗದ ಮನೆತನ. ಎಸ್ಸೆಸ್ಸೆಲ್ಸಿ ಪಾಸಾದವನಿಗೆ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂರಲು ಮನಸ್ಸಾಗಲಿಲ್ಲ. ನಾಟಕದ ಮಾಸ್ತರರೊಬ್ಬರ ಬೆನ್ನು ಹತ್ತಿದೆ. ಹಾಡಲು ಹೋದರೆ ಒಡಕು ದನಿ, ಪಾತ್ರ ಮಾಡಲು ಹೋದರೆ ಜನರ ಮುಖ ಕಂಡೊಡನೆ ನಾಲಿಗೆ ಒಣಗುತ್ತಿತ್ತು. ಕಡೆಗೆ ಮಾಸ್ತರರು ಬೇಸತ್ತು ನನ್ನ ಕೈಗೆ ನಾಟಕದ ಪುಸ್ತಕ ಕೊಟ್ಟು, ಪಕ್ಕದ ಪರದೆಯ ಹಿಂದೆ ಕೂರಿಸಿದರು. ಪಾತ್ರಧಾರಿಗೆ ಮಾತ್ರ ಕೇಳುವಂತೆ, ಒಂದು ಮಾತು ಮುಂಚಿತವಾಗಿ, ಮೆಲ್ಲಗೆ ಓದುತ್ತ ಹೋಗುವುದು ನನ್ನ ಕೆಲಸ. ಅದೊಂದು ನನಗೆ ಚೆನ್ನಾಗಿ ಬಂತು. ಹೊಟ್ಟೆಪಾಡು ಅದರಲ್ಲೇ ಸಾಗಿತು.

ನಮ್ಮ ಕಡೆ ಹಳ್ಳಿಯ ನಾಟಕ ಹೇಗೆ ನಡೆಯುತ್ತದೆ ಎಂದು ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಗಂಡು ಪಾತ್ರಗಳನ್ನು ಆ ಊರಿನವರೇ ಮಾಡುತ್ತಾರೆ. ಹೊಲಕ್ಕೆ ಹೋಗುವವರು, ಕಿರಾಣಿ ಅಂಗಡಿಯವರು, ಟ್ರ್ಯಾಕ್ಟರ್ ಹೊಡೆಯುವವರು ಒಂದೆರಡು ತಿಂಗಳು ತಾಲೀಮು ಮಾಡಿ ಪಾಠ ಮಾಡಿಕೊಂಡಿರುತ್ತಾರೆ. ಹೆಣ್ಣು ಪಾತ್ರಕ್ಕೆ ಮಾತ್ರ ಪೇಟೆಯಿಂದ ನಟಿಯರನ್ನು ಗೊತ್ತುಮಾಡಿ ಕರೆಸಬೇಕು. ಆ ನಟಿ ನಾಟಕದ ದಿನವೇ ಮಧ್ಯಾಹ್ನದ ಬಸ್ಸಿಗೆ ಬಂದು, ಶಾಲೆಯ ಜಗುಲಿಯ ಮೇಲೆ ಒಂದು ಸಲ ಮಾತು ಕೂಡಿಸಿಕೊಂಡು, ಆ ರಾತ್ರಿಯೇ ರಂಗಕ್ಕೆ ಇಳಿಯುತ್ತಾಳೆ. ಹಾಗೆ ಬರುವ ನಟಿಗೆ ಪರದೆಯ ಹಿಂದೆ ಓದುವವನೇ ಆಧಾರ. ನನಗಿಂತ ನಾಲ್ಕು ವರ್ಷ ಚಿಕ್ಕವಳಾದ ಆಕೆಗೆ ನಾನು ಹಾಗೆ ಆಧಾರವಾದೆ.

ಅಕ್ಷರ ಬರುವುದಿಲ್ಲ ಎಂಬುದು ನನಗೆ ತಿಳಿದದ್ದು ಡಂಬಳದಲ್ಲಿ. ಊರ ಪ್ರಮುಖರು ಒಂದು ಚೀಟಿ ತಂದು, ನಾಟಕಕ್ಕೆ ಮುಂಚೆ ಈ ಹೆಸರುಗಳನ್ನು ನೀವೇ ಓದಿ ಎಂದು ಆಕೆಯ ಕೈಗೆ ಕೊಟ್ಟರು. ಆಕೆ ಒಂದು ಕ್ಷಣ ಅದನ್ನೇ ನೋಡಿ, "ಚಾಳೀಸು ಮರತು ಬಂದೀನ್ರಿ, ನಮ್ಮ ಅಣ್ಣಾರು ಓದ್ತಾರ" ಎಂದು ನನ್ನ ಕಡೆ ಚಾಚಿದಳು. ಆಗ ಆಕೆಗೆ ಇಪ್ಪತ್ತನಾಲ್ಕೋ ಇಪ್ಪತ್ತೈದೋ ವಯಸ್ಸು. ಆ ವಯಸ್ಸಿಗೆ ಓದುವ ಕನ್ನಡಕ, ಚಾಳೀಸು, ಎಲ್ಲಿಯದು? ಮರುದಿನ ಬೆಳಿಗ್ಗೆ ಕೆರೆಯ ಏರಿಯ ಮೇಲೆ ಬಸ್ಸಿಗೆ ಕಾಯುವಾಗ ಕೇಳಿಯೇ ಬಿಟ್ಟೆ. ಆಕೆ ಸುಳ್ಳು ಹೇಳಲಿಲ್ಲ.

"ಹತ್ತು ವರ್ಷದಾಕಿ ಇದ್ದಾಗ ಕಂಪನಿ ಸೇರಿಸಿದರು. ಶಾಲಿ ಮುಖ ನೋಡಿಲ್ಲ. ಕೇಳಿ ಕೇಳಿ ಬಾಯಾಗ ಕುಂತಾವು ಎಲ್ಲಾ" ಎಂದಳು. ಆಮೇಲೆ ನನ್ನ ಕೈ ಹಿಡಿದುಕೊಂಡು, "ಅಣ್ಣಾ, ನಾಟಕದಾಕಿ ಅಂತ ಹಿಂದ ಏನೇನೋ ಆಡ್ಕೋತಾರ ನನಗ. ಆದ್ರ ಮಾತು ಕೇಳಿದ ಮ್ಯಾಲೆ ರೀ ಹಚ್ಚಿ ಮಾತಾಡಸ್ತಾರ. ನನ್ನ ಕಡೆ ಇರೂದು ಅಷ್ಟ. ಅದನ್ನ ಕಳೀಬ್ಯಾಡ" ಎಂದಳು.

ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ನನ್ನ ಹೆಂಡತಿಗೂ ಹೇಳಲಿಲ್ಲ. ಹೆಂಡತಿ ಬೇರೆ, "ಎರಡನೇ ಮನಿಗೆ ಹೊಂಟಿರೇನು" ಎಂದು ಕೆಣಕುತ್ತ ಬುತ್ತಿ ಕಟ್ಟಿಕೊಡುತ್ತಿದ್ದಳು. ಆ ಮಾತಿಗೂ ನಾನು ಎದುರು ಹೇಳಲಿಲ್ಲ. ಹೇಳಿದ್ದರೆ ಗುಟ್ಟು ಹೇಳಬೇಕಾಗುತ್ತಿತ್ತು.

ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಹಳ್ಳಿಯ ನಾಟಕದಲ್ಲಿ ಪುಸ್ತಕದ ಮಾತೆಲ್ಲ ಆಡಿ ಮುಗಿಸುವುದು ಎಂದೂ ಇಲ್ಲ. ಜನ ಎದ್ದು ಹೋಗುವಂತೆ ಕಂಡರೆ, ಇಲ್ಲವೇ ನಾಯಕನ ಪಾತ್ರ ಮಾಡಿದ ಪುಣ್ಯಾತ್ಮ ಮಾತು ಮರೆತು ಕಂಬದಂತೆ ನಿಂತುಬಿಟ್ಟರೆ, ಪರದೆಯ ಹಿಂದಿನವನು ಹಾಳೆ ತಿರುವಿ ಮುಂದಕ್ಕೆ ಜಿಗಿಯುತ್ತಾನೆ. ನಾವು ಅದಕ್ಕೆ ಹಾರಿಸುವುದು ಎನ್ನುತ್ತಿದ್ದೆವು. ಉದ್ದುದ್ದ ವರ್ಣನೆಗಳನ್ನು ನಾನು ಮುಲಾಜಿಲ್ಲದೆ ಹಾರಿಸುತ್ತಿದ್ದೆ. ಆಕೆ ನಾನು ಎಲ್ಲಿಗೆ ಜಿಗಿದೆನೆಂದು ತಕ್ಷಣ ತಿಳಿದುಕೊಂಡು, ಹಿಂದಿನ ಮಾತಿಗೂ ಮುಂದಿನ ಮಾತಿಗೂ ತನ್ನದೊಂದು ಮಾತು ಸೇರಿಸಿ ಹೊಲಿದುಬಿಡುತ್ತಿದ್ದಳು. ಎಲ್ಲಿ ಹರಿದಿತ್ತೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆಕೆಯ ಕಸುಬು ಅಂಥದ್ದು. ಮುಂದೆ ಆಕೆಗೆ ರಾಜ್ಯದ ಪ್ರಶಸ್ತಿ ಬಂದದ್ದು ಸುಮ್ಮನೆ ಅಲ್ಲ.

ಆ ಪ್ರಶಸ್ತಿ ಬಂದ ಎರಡನೇ ವರ್ಷ ಪುರಸಭೆಯ ಚುನಾವಣೆ. ಯಾವ ಊರಿನ ಪುರಸಭೆ ಎಂದು ಬರೆಯುವುದಿಲ್ಲ. ಗದಗ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ಎಲ್ಲವೂ ಬಸ್ಸಿನಲ್ಲಿ ಹೋಗಿ ಸಂಜೆಗೆ ಮನೆಗೆ ಬರುವಷ್ಟು ಸಮೀಪ ಇದ್ದ ಒಂದು ಊರು ಎಂದುಕೊಂಡರೆ ಸಾಕು. ಆಕೆಯ ವಾರ್ಡು ಮಹಿಳೆಗೆ ಮೀಸಲಾಗಿತ್ತು. ಪಕ್ಷದವರಿಗೆ ಜನ ಗುರುತಿಸುವ ಮುಖ ಬೇಕಿತ್ತು. ಬಂದು ಕೇಳಿದರು. ಆಕೆ ಒಪ್ಪಿದ್ದು ಒಂದೇ ಕಾರಣಕ್ಕೆ.

ಊರ ಹೊರಗೆ, ಹಿಂದೆ ನಾಟಕ ಕಂಪನಿಗಳು ತಂಬು ಹಾಕುತ್ತಿದ್ದ ಬಯಲಿನ ಅಂಚಿಗೆ, ಹನ್ನೊಂದು ತಗಡಿನ ಮನೆಗಳ ಒಂದು ಸಾಲಿತ್ತು. ಕಂಪನಿಗಳು ಮುಚ್ಚಿದಾಗ ಹೋಗಲು ಜಾಗವಿಲ್ಲದೆ ಉಳಿದ ನಟಿಯರು ಅಲ್ಲೇ ಗೋಡೆ ಎಬ್ಬಿಸಿಕೊಂಡು ಮುದುಕಿಯರಾಗಿದ್ದರು. ಮೊದಲನೇ ಮನೆ ಆಕೆಯದು. ಜಾಗ ಪುರಸಭೆಯದು, ಹಕ್ಕುಪತ್ರ ಇರಲಿಲ್ಲ. ಪ್ರತಿ ಚುನಾವಣೆಗೂ ಯಾರಾದರೂ ಬಂದು ಕೊಡಿಸುತ್ತೇನೆ ಎಂದು ಚಹಾ ಕುಡಿದು ಹೋಗುತ್ತಿದ್ದರು.

"ಹನ್ನೊಂದು ಹಕ್ಕುಪತ್ರ ಬರಿಸಿಕೊಂಡು ಬರ್ತೀನಿ. ಅಷ್ಟ ನನ್ನ ರಾಜಕೀಯ" ಎಂದಿದ್ದಳು ಆಕೆ.

ಆ ಸಾಲಿನಲ್ಲಿ ಎಲ್ಲರಿಗಿಂತ ಹಿರಿಯಳು ಒಬ್ಬಳಿದ್ದಳು. ಹಾಸ್ಯ ಪಾತ್ರಕ್ಕೆ ಹೆಸರಾದವಳು, ಎಲ್ಲರಿಗೂ ಆಯಿ. ಆಯಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕು, "ಲೇ ಮಹಾರಾಣಿ, ಕುರ್ಚಿ ಮ್ಯಾಲೆ ಕುಂತ ಮ್ಯಾಲೆ ನಮ್ಮ ಮರೀಬ್ಯಾಡ" ಎಂದಳು. ಎಲ್ಲರೂ ನಕ್ಕೆವು.

ಪ್ರಚಾರದಲ್ಲಿ ಜನ ರಸ್ತೆಯ ಬಗ್ಗೆಯಾಗಲಿ ನೀರಿನ ಬಗ್ಗೆಯಾಗಲಿ ಕೇಳಲೇ ಇಲ್ಲ. ಆ ನಾಟಕದ ಆ ಮಾತು ಹೇಳಿರಿ, ಈ ಮಾತು ಹೇಳಿರಿ ಎಂದು ಗಂಟು ಬೀಳುತ್ತಿದ್ದರು. ಹೇಳಿದಳು, ಗೆದ್ದಳು. ಒಂದೂವರೆ ವರ್ಷದಲ್ಲಿ ಅಧ್ಯಕ್ಷ ಸ್ಥಾನದ ಮೀಸಲಾತಿ ಆಕೆಗೇ ಹೊಂದಿ ಬಂತು. ನಟಿ ಹೋಗಿ ಅಧ್ಯಕ್ಷರು ಆದಳು. ಕಚೇರಿಯಲ್ಲಿ ಎಲ್ಲರೂ ಎದ್ದು ನಿಲ್ಲುವಾಗ ನಾನು ಬಾಗಿಲ ಬಳಿ ನಿಂತು ನೋಡಿದೆ. ನನಗೆ ಆದ ಸಂತೋಷ ನನ್ನ ಮಗಳ ಮದುವೆಯಲ್ಲೂ ಆಗಿರಲಿಲ್ಲ.

ಕೆಲಸ ಹಳೆಯದೇ. ಸಭೆಯ ಮುಂಚಿನ ದಿನ ಗುಮಾಸ್ತ ಕಾಗದಗಳನ್ನು ಮನೆಗೆ ತಂದು ಕೊಡುತ್ತಿದ್ದ. ಲಕ್ಷ್ಮೇಶ್ವರದಿಂದ ದಿನಾ ಬಸ್ಸಿಗೆ ಬಂದು ಹೋಗುತ್ತಿದ್ದ ಮೆತ್ತಗಿನ ಮನುಷ್ಯ, ಬಾಗಿಲಲ್ಲಿ ಚಪ್ಪಲಿ ಬಿಟ್ಟೇ ಒಳಗೆ ಬರುತ್ತಿದ್ದ. ಮರುದಿನ ಬೆಳಿಗ್ಗೆ ನಾನು ಅವನ್ನು ಆಕೆಗೆ ಓದಿ ಹೇಳಬೇಕು. ಒಂದು ಸಲ ಕೇಳಿದರೆ ಸಾಕು, ಠರಾವಿನ ಮಾತು ಮಾತನ್ನೂ ಆಕೆ ಸಭೆಯಲ್ಲಿ ಕಾಗದ ಹಿಡಿದು, ಅದನ್ನು ನೋಡಿಯೂ ನೋಡದಂತೆ ಹೇಳಿಬಿಡುತ್ತಿದ್ದಳು. ಮುಖ್ಯಾಧಿಕಾರಿ ಬೆರಗಾಗುತ್ತಿದ್ದರು. ಸಹಿಯನ್ನು ಮಾತ್ರ ಕಲಿತಿದ್ದಳು, ರಂಗೋಲಿ ಕಲಿತ ಹಾಗೆ, ಎಲ್ಲಿಂದ ಶುರು ಮಾಡಿ ಎಲ್ಲಿ ಬಿಡಬೇಕು ಎಂದು.

ಈಗ ಆ ದಿನದ ಬಗ್ಗೆ ಬರೆಯಬೇಕು. ಇಷ್ಟು ಹೊತ್ತು ಸುತ್ತು ಬಳಸಿದ್ದು ಇದನ್ನು ಮುಂದೂಡಲಿಕ್ಕೇ.

ಆ ದಿನ ಬೆಳಿಗ್ಗೆ ಹನ್ನೊಂದಕ್ಕೆ ಸಭೆ, ಮಧ್ಯಾಹ್ನ ಮುಂಡರಗಿಯಲ್ಲಿ ಒಂದು ಕಲಾ ಸಂಘದವರ ಸನ್ಮಾನ. ಸನ್ಮಾನ ಆಕೆಗೆ ಹೊಸದಲ್ಲ. ಆದರೆ ಆ ಸಲ ಪಟ್ಟಿಯಲ್ಲಿ ನನ್ನ ಹೆಸರೂ ಇತ್ತು. ಪರದೆಯ ಹಿಂದೆ ಕೂತವನಿಗೆ ಶಾಲು ಹೊದಿಸುವವರು ಯಾರಿದ್ದಾರೆ? ಹೆಂಡತಿ ನನ್ನ ಬಿಳಿ ಅಂಗಿಗೆ ನೀಲಿ ಹಾಕಿ ಒಗೆದಿದ್ದಳು. ಅದನ್ನು ಆಕೆಯ ಊರಲ್ಲೇ ಇಸ್ತ್ರಿಗೆ ಕೊಟ್ಟು ಬಂದಿದ್ದೆ. ಇಸ್ತ್ರಿಯವನು ಹತ್ತು ಗಂಟೆಗೆ ಅಂಗಡಿ ಮುಚ್ಚಿ ಗದಗಿಗೆ ಹೋಗುತ್ತೇನೆ ಎಂದಿದ್ದ. ನನ್ನ ಮನಸ್ಸೆಲ್ಲ ಆ ಅಂಗಿಯಲ್ಲಿತ್ತು.

ಕಾಗದ ದಪ್ಪಗಿತ್ತು. ಆಕೆ ಅಡಿಗೆ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು, ನಾನು ಹೊಸ್ತಿಲ ಈಚೆ ಕೂತು ಓದುತ್ತಿದ್ದೆ. ಕುಡಿಯುವ ನೀರು, ಬೀದಿ ದೀಪ ಓದಿದೆ. ನಂತರ ಪಟ್ಟಣದ ಅಭಿವೃದ್ಧಿಗೆ ಪುರಸಭೆಯ ಖಾಲಿ ಜಾಗಗಳಲ್ಲಿ ವಾಣಿಜ್ಯ ಮಳಿಗೆ ಕಟ್ಟುವ ಠರಾವು. ಅದರ ಮೊದಲನೇ ಹಾಳೆ ಓದಿದೆ. ಮುಂದೆ ಸರ್ವೆ ನಂಬರುಗಳ ಸಾಲು. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಸರಕಾರಿ ರಸ್ತೆ, ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಇನ್ನೊಂದು. ಹೀಗೇ ಎರಡು ಹಾಳೆ. ಗಡಿಯಾರ ನೋಡಿದೆ. ಬೆರಳಿಗೆ ಉಗುಳು ಹಚ್ಚಿ ಎರಡನ್ನೂ ಒಟ್ಟಿಗೆ ತಿರುವಿ, 'ಆದಕಾರಣ ಸದರಿ ವಿಷಯಕ್ಕೆ ಸಭೆಯು ಸರ್ವಾನುಮತದಿಂದ' ಎಂಬಲ್ಲಿಗೆ ಜಿಗಿದೆ. ಮೂವತ್ತು ವರ್ಷ ಮಾಡಿದ್ದನ್ನೇ ಮಾಡಿದೆ.

ರೊಟ್ಟಿಯ ಸಪ್ಪಳ ನಿಂತಿತು.

"ಎರಡು ಹಾಳಿ ಒಮ್ಮೆ ಹೊಳ್ಳಿದಂಗಾತಲ್ಲ?"

"ಅಂಟಿಕೊಂಡಿದ್ವು, ಬಿಡಿಸಿದೆ."

"ಎಲ್ಲಾ ಓದಿದಿ ಹೌದಲ್ಲ?"

"ಓದೀನಿ, ತಂಗಿ."

ರೊಟ್ಟಿ ಬಡಿಯುವ ಸಪ್ಪಳ ಮತ್ತೆ ಶುರುವಾಯಿತು. ನಾನು ಇಸ್ತ್ರಿಯ ಅಂಗಡಿಗೆ ಓಡಿದೆ. ಅಂಗಿ ಸಿಕ್ಕಿತು. ಸಭೆಯಲ್ಲಿ ಆಕೆ ಠರಾವನ್ನು ಎಂದಿನಂತೆ ಸೊಗಸಾಗಿ ಮಂಡಿಸಿ ಸಹಿ ಮಾಡಿದಳು. ಮಧ್ಯಾಹ್ನ ಮುಂಡರಗಿಯಲ್ಲಿ ನನಗೆ ಶಾಲು ಹೊದಿಸಿದರು. ಫೋಟೋದಲ್ಲಿ ನಾನು ಹಲ್ಲು ಬಿಟ್ಟುಕೊಂಡು ನಿಂತಿದ್ದೇನೆ. ಆ ಫೋಟೋ ಹರಿದು ಒಲೆಗೆ ಹಾಕಿದೆ.

ನಾಲ್ಕು ತಿಂಗಳಿಗೆ ಸಾಲುಮನೆಗಳ ಬಾಗಿಲಿಗೆ ನೋಟೀಸು ಅಂಟಿಸಿದರು. ನಾನು ಹಾರಿಸಿದ ಎರಡು ಹಾಳೆಯ ನಡುವೆ ನಾಟಕದ ಬಯಲು ಇತ್ತು. ದಕ್ಷಿಣದ ಅಂಚಿನ ಹನ್ನೊಂದು ಅನಧಿಕೃತ ಶೆಡ್ಡುಗಳನ್ನು ತೆರವು ಮಾಡುವುದು ಎಂಬ ಮಾತೂ ಇತ್ತು. ಖಾಲಿ ಜಾಗ ಎಂದು ಆಕೆ ಓದಿಸಿಕೊಂಡದ್ದು ಆಕೆಯ ಮನೆಯನ್ನೇ.

ನೋಟೀಸು ಬಂದ ದಿನ ಸಾಲಿನವರೆಲ್ಲ ಆಕೆಯ ಅಂಗಳದಲ್ಲಿ ಸೇರಿದರು. ಯಾರೂ ಕಿರುಚಾಡಲಿಲ್ಲ. ಕಿರುಚಾಡಿದ್ದರೆ ಚೆನ್ನಾಗಿತ್ತು. ಆಯಿಯನ್ನು ಇಬ್ಬರು ಹಿಡಿದುಕೊಂಡು ಬಂದು ಕಟ್ಟೆಯ ಮೇಲೆ ಕೂರಿಸಿದರು. ಆಯಿ ಕೇಳಿದ್ದು ಒಂದೇ ಪ್ರಶ್ನೆ.

"ಓದಿ ಸಹಿ ಮಾಡಿದೇನವಾ, ಓದಲಾರದನ ಮಾಡಿದಿ?"

ಆಕೆ ನನ್ನ ಕಡೆ ನೋಡಿದಳು. ನಾನು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದೆ. ನನ್ನ ತಪ್ಪು, ನಾನು ಎರಡು ಹಾಳೆ ಓದಲಿಲ್ಲ ಎಂದು ಹೇಳಲು ಎಷ್ಟು ಹೊತ್ತು ಬೇಕಿತ್ತು? ಆದರೆ ಅದನ್ನು ಹೇಳಿದರೆ ಅಧ್ಯಕ್ಷರಿಗೆ ಇನ್ನೊಬ್ಬರು ಯಾಕೆ ಓದಬೇಕು ಎಂದು ಕೇಳುತ್ತಿದ್ದರು. ಆಕೆಗೆ ಕೊಟ್ಟ ಮಾತಿಗಾಗಿ ಸುಮ್ಮನಿದ್ದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ನಾನು ಅಂಜಿದೆ, ಅಷ್ಟೇ. ನೆಲ ನೋಡಿದೆ.

"ಓದೇ ಮಾಡೀನಿ" ಎಂದಳು ಆಕೆ. ತಲೆ ಎತ್ತಿ, ರಂಗದ ಮೇಲಿನ ದನಿಯಲ್ಲಿ ಹೇಳಿದಳು.

ಆಯಿ, "ಹಂಗಾರ ಮಾರಿದಿ ನಮ್ಮನ್ನ" ಎಂದು, ಹಿಡಿದವರ ಕೈ ಕೊಡವಿಕೊಂಡು ಎದ್ದು ಹೋದಳು.

ಓದು ಬರುವುದಿಲ್ಲ ಎನ್ನುವುದಕ್ಕಿಂತ ಮಾರಿಕೊಂಡಳು ಎನ್ನಿಸಿಕೊಳ್ಳುವುದು ಆಕೆಗೆ ಹಗುರವಾಗಿ ಕಂಡಿತು. ಖರೆ ಹೇಳುತ್ತೇನೆ, ಆಕೆ ಹಾಗೆ ಹೇಳಿದೊಡನೆ ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ನಾನು ಬಚಾವಾದೆ ಎಂದುಕೊಂಡೆ. ಎದುರಿಗೆ ಹತ್ತು ಮುದುಕಿಯರ ಬದುಕು ಬೀದಿಗೆ ಬಿದ್ದಿತ್ತು, ಮತ್ತು ನಾನು ಬಚಾವಾದೆ ಎಂದುಕೊಂಡೆ.

ಎಲ್ಲರೂ ಹೋದ ಮೇಲೆ ಆಕೆ ನನ್ನನ್ನು ಕೂರಿಸಿಕೊಂಡಳು. ಬೈಯುತ್ತಾಳೆ ಎಂದು ಕಾದೆ. ಆಕೆಯ ತಲೆಯಲ್ಲಿ ನನ್ನ ಮೇಲೆ ಅನುಮಾನದ ಸುಳಿವೇ ಇರಲಿಲ್ಲ.

"ಅಣ್ಣಾ, ನೀ ಓದಿದಾಗ ಇದು ಇರಲಿಲ್ಲ. ಆ ಗುಮಾಸ್ತ ಹಿಂದಿಂದ ಹಾಳಿ ಸೇರಿಸ್ಯಾನ. ಹೌದಲ್ಲ?"

ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬರುವ ಆ ಮನುಷ್ಯ ನನ್ನ ಕಣ್ಣ ಮುಂದೆ ಬಂದ. ನಾನು "ಹೂಂ" ಎಂದೆ.

ಆ ಠರಾವನ್ನು ರದ್ದು ಮಾಡಿಸಲು ಆಕೆ ಪಡದ ಪಾಡಿಲ್ಲ. ಜಿಲ್ಲೆಯ ಕಚೇರಿಗೆ ಅಲೆದಳು. ಹೋದಲ್ಲೆಲ್ಲ ಒಂದೇ ಉತ್ತರ: ನೀವೇ ಮಂಡಿಸಿದ್ದೀರಿ, ನಿಮ್ಮದೇ ಸಹಿ ಐತಿ, ಮೇಡಂ. ಹಾಳೆ ಸೇರಿಸಿದ್ದಾರೆ ಎಂದರೆ, ಪ್ರತಿ ಹಾಳೆಗೂ ನಿಮ್ಮ ರುಜು ಇದೆಯಲ್ಲ ಎಂದು ತೋರಿಸಿದರು. ಇತ್ತು. ಓದು ಬಾರದವಳಿಗೆ ಯಾವ ಹಾಳೆಯಾದರೇನು? ಎಲ್ಲಿ ಬೆರಳು ಇಟ್ಟು ತೋರಿಸಿದರೋ ಅಲ್ಲಿ ಆಕೆ ತನ್ನ ರಂಗೋಲಿ ಹಾಕಿದ್ದಳು.

ಒಂದು ಬೆಳಿಗ್ಗೆ ಆಕೆ ಹೇಳದೆ ಕೇಳದೆ ಲಕ್ಷ್ಮೇಶ್ವರಕ್ಕೆ ಹೊರಟಳು. ನಾನು ಬೆನ್ನು ಹತ್ತಿದೆ. ಗುಮಾಸ್ತನ ಓಣಿಯಲ್ಲಿ, ಅವನ ಮನೆಯ ಮುಂದೆ ನಿಂತು, ನೆಲದಿಂದ ಎರಡು ಹಿಡಿ ಮಣ್ಣು ಬಾಚಿ ಬಾಗಿಲಿಗೆ ತೂರಿದಳು. "ನನ್ನ ಸಾಲಿನವರಿಗೆ ಆದದ್ದು ನಿನ್ನ ಮಕ್ಕಳಿಗೆ ಆಗಲಿ" ಎಂದಳು. ನಮ್ಮ ಕಡೆ ಮಣ್ಣು ತೂರುವುದು ಸಣ್ಣ ಮಾತಲ್ಲ. ತೂರಿಸಿಕೊಂಡ ಮನೆಯವರು ತಲೆ ಎತ್ತಿ ತಿರುಗುವುದು ಕಷ್ಟ. ಅದೂ ಆಕೆಯ ದನಿಯಲ್ಲಿ! ಓಣಿಗೆ ಓಣಿಯೇ ಹೊರಗೆ ಬಂದು ನಿಂತಿತು. ಗುಮಾಸ್ತ ಬನಿಯನ್ನಿನಲ್ಲೇ ಬಾಗಿಲಿಗೆ ಬಂದು, "ನಾ ಏನೂ ಮಾಡಿಲ್ರೀ ಮೇಡಂ, ನಿಮ್ಮ ಪಾದದಾಣಿ" ಎಂದು ಕೈ ಮುಗಿದ. ಅವನ ಹಿಂದೆ ಮದುವೆಯ ವಯಸ್ಸಿಗೆ ಬಂದ ಮಗಳೊಬ್ಬಳು ಮುಖಕ್ಕೆ ಸೆರಗು ಒತ್ತಿಕೊಂಡು ನಿಂತಿದ್ದಳು.

ನಾನು ಎದುರು ಮನೆಯ ಕಟ್ಟೆಯ ಬಳಿ ನಿಂತು ಎಲ್ಲವನ್ನೂ ನೋಡಿದೆ. ಆಗಲೂ ಬಾಯಿ ಬಿಡಲಿಲ್ಲ.

ಆ ಹುಡುಗಿಗೆ ಗೊತ್ತಾಗಿದ್ದ ಸಂಬಂಧ ಆ ತಿಂಗಳೇ ಮುರಿಯಿತು ಎಂದು ಆಮೇಲೆ ಕೇಳಿದೆ. ಮಣ್ಣು ತೂರಿದ್ದಕ್ಕೇ ಮುರಿಯಿತೋ ಬೇರೆ ಕಾರಣವಿತ್ತೋ ನನಗೆ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳುವ ಧೈರ್ಯವೂ ಇರಲಿಲ್ಲ. ಗುಮಾಸ್ತ ತಾನೇ ಬರೆದುಕೊಟ್ಟು ಬೇರೆ ಊರಿಗೆ ವರ್ಗ ಮಾಡಿಸಿಕೊಂಡ.

ಮಳೆಗಾಲ ಮುಗಿಯುತ್ತಲೇ ಜೆಸಿಬಿ ಬಂತು. ಹನ್ನೊಂದು ಮನೆ ಬೀಳಲು ಒಂದು ಬೆಳಗೂ ಪೂರ್ತಿ ಬೇಕಾಗಲಿಲ್ಲ. ಆಕೆ ತನ್ನ ಮನೆಯನ್ನು ಮೊದಲು ಕೆಡವಿಸಿದಳು. ಅದನ್ನು ನೋಡಿಯಾದರೂ ಜನ ನಂಬುತ್ತಾರೆ ಎಂದುಕೊಂಡಿರಬೇಕು. "ಗದಗಿನಾಗ ಮಹಡಿ ಮನಿ ಕಟ್ಟಿಸ್ಯಾಳಂತ, ಈ ತಗಡು ಯಾಕ ಬೇಕು" ಎಂದು ನನ್ನ ಪಕ್ಕದಲ್ಲಿ ನಿಂತವನೊಬ್ಬ ಹೇಳಿದ. ಆಯಿಯನ್ನು ತಂಗಿಯ ಮೊಮ್ಮಗ ಶಿರಹಟ್ಟಿಗೆ ಕರೆದುಕೊಂಡು ಹೋದ. ಅಲ್ಲಿ ಆರು ತಿಂಗಳೂ ಬಾಳಲಿಲ್ಲ. ಆಯಿಯ ಮಣ್ಣಿಗೆ ಹೋದಾಗ ಆಕೆಯನ್ನು ಒಳಗೆ ಬಿಡಲಿಲ್ಲ. ಬಾಗಿಲ ಹೊರಗೆ ನಿಂತು ಬಂದಳು.

ಮುಂದಿನ ಚುನಾವಣೆಗೆ ಪಕ್ಷದವರು ಆಕೆಯ ಮುಖ ನೋಡಲಿಲ್ಲ. ನಾಟಕಕ್ಕೆ ಕರೆಯುವವರೂ ಇಲ್ಲವಾದರು. ಒಮ್ಮೆ ಒಂದು ಹಳ್ಳಿಯವರು ಧೈರ್ಯ ಮಾಡಿ ಕರೆದರು. ತಾಯಿಯ ಪಾತ್ರ. 'ನನ್ನ ಮನೆ, ನನ್ನ ಮಕ್ಕಳು' ಎಂದು ಆಕೆ ಶುರು ಮಾಡುತ್ತಲೇ ಹಿಂದಿನಿಂದ ಯಾರೋ, "ಎಷ್ಟಕ್ಕ ಮಾರಿದಿ ಮನಿ?" ಎಂದು ಕೂಗಿದರು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಪರದೆಯ ಹಿಂದಿನಿಂದ ಮುಂದಿನ ಮಾತು ಓದಿದೆ, ಮತ್ತೆ ಓದಿದೆ. ಆಕೆ ಸುಮ್ಮನೆ ನಿಂತಿದ್ದಳು. ಆಕೆ ರಂಗದ ಮೇಲೆ ಮಾತಿಲ್ಲದೆ ನಿಂತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಆಮೇಲೆ ಆಕೆ ಬಣ್ಣ ಹಚ್ಚಲಿಲ್ಲ.

ಮುಳಗುಂದದಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದಳು. ನಾನು ಪ್ರತಿ ಅಮಾವಾಸ್ಯೆಗೆ ಬೆಟಗೇರಿಯಿಂದ ಹೋಗಿ ಬರುತ್ತಿದ್ದೆ. ಪ್ರತಿ ಸಲವೂ ಈ ಹೊತ್ತು ಹೇಳಿಬಿಡುತ್ತೇನೆ ಎಂದುಕೊಂಡೇ ಬಸ್ಸು ಹತ್ತುತ್ತಿದ್ದೆ. ಆಕೆ ಗುಮಾಸ್ತನನ್ನು ಬೈಯುತ್ತಿದ್ದಳು, ನಾನು ಹೋಳಿಗೆ ತಿಂದು ಬರುತ್ತಿದ್ದೆ. ಹೀಗೆ ವರ್ಷಗಳು ಹೋದವು. ನಾನು ಎಂಥ ಮನುಷ್ಯ ಎಂದು ಕೇಳಬೇಡಿ. ಇಷ್ಟೇ.

ಪಕ್ಕದ ಮನೆಯಲ್ಲಿ ಒಬ್ಬ ಅಂಗನವಾಡಿ ಶಿಕ್ಷಕಿ ಇದ್ದರು. ಆಕೆ ಅವರ ಬಳಿ ಅಕ್ಷರ ಕಲಿಯಲು ಶುರು ಮಾಡಿದ್ದು ನನಗೆ ಗೊತ್ತೇ ಇರಲಿಲ್ಲ. ಅರವತ್ತು ದಾಟಿದವಳು, ಮಕ್ಕಳು ಮನೆಗೆ ಹೋದ ಮೇಲೆ, ಅವರದೇ ಪಾಟಿ ಹಿಡಿದು ತಿದ್ದುತ್ತಿದ್ದಳಂತೆ. ನನಗೆ ಯಾಕೆ ಹೇಳಲಿಲ್ಲ ಎಂದರೆ, ಕಲಿತ ಮೇಲೆ ಒಮ್ಮೆಲೇ ತೋರಿಸಿ ನನ್ನನ್ನು ಬೆರಗು ಮಾಡಬೇಕೆಂದು ಇದ್ದಳಂತೆ.

ಹೋದ ವರ್ಷ ಒಂದು ಅಮಾವಾಸ್ಯೆಯ ದಿನ ಹೋದಾಗ ಆಕೆಯ ಮುಖದಲ್ಲಿ ಬಹಳ ದಿನಗಳ ಮೇಲೆ ಒಂದು ಕಳೆ ಇತ್ತು. "ಕುಂದರು, ನಿನಗೊಂದು ತೋರಸ್ತೀನಿ" ಎಂದು ಪೆಟ್ಟಿಗೆ ತೆಗೆದಳು. ದಿನಪತ್ರಿಕೆಯೋ ದೇವರ ಪುಸ್ತಕವೋ ಅಲ್ಲ, ಆ ಠರಾವಿನ ಪ್ರತಿ. ಅಷ್ಟು ವರ್ಷ ಇಟ್ಟುಕೊಂಡಿದ್ದಳು. ಚಾಳೀಸು ಹಾಕಿಕೊಂಡು, ಈಗ ಖರೆಯ ಚಾಳೀಸು, ಬೆರಳು ಇಟ್ಟು ಓದತೊಡಗಿದಳು.

"ಗುಮಾಸ್ತ ಯಾವ ಹಾಳಿ ಸೇರಿಸ್ಯಾನ ಅನ್ನೂದನ್ನ ನಾನ ಹುಡುಕ್ತೀನಿ. ನೀ ಅವತ್ತು ಓದಿದ್ದು ಇನ್ನೂ ನನ್ನ ಬಾಯಾಗ ಐತಿ. ಎಲ್ಲಿ ಹೊಂದೂದಿಲ್ಲೋ ಅದ ಅವನ ಹಾಳಿ."

ಅಕ್ಷರ ಅಕ್ಷರ ಕೂಡಿಸಿ ಓದುತ್ತ ಹೋದಳು. ಮೊದಲನೇ ಹಾಳೆ ಹೊಂದಿತು. ಎರಡನೆಯದರಲ್ಲಿ ಸರ್ವೆ ನಂಬರುಗಳು. ನನಗೆ ಎದ್ದು ಹೋಗಬೇಕೆನಿಸಿತು. ಮೂರನೆಯದು. ಹನ್ನೊಂದು ಶೆಡ್ಡು ಎಂಬಲ್ಲಿಗೆ ಬಂದು ನಿಂತಳು. ಗೆದ್ದವಳಂತೆ, "ಇದ ನೋಡು!" ಎಂದಳು. ಆಮೇಲೆ ಏನೋ ಹೊಳೆದಂತೆ ಕಾಗದವನ್ನು ತಿರುವಿ ತಿರುವಿ ನೋಡಿದಳು. ಹಾಳೆಗಳಿಗೆ ಅಂಕಿ ಇತ್ತು. ಎರಡರ ವಾಕ್ಯ ಮೂರಕ್ಕೆ ಹರಿದಿತ್ತು, ಮೂರರ ಕೊನೆಯ ವಾಕ್ಯ ನಾಲ್ಕನೆಯದರ ಮೊದಲ ಸಾಲಿನಲ್ಲಿ ಮುಗಿದು, ಅಲ್ಲಿಂದ 'ಆದಕಾರಣ' ಶುರುವಾಗಿತ್ತು. ಸೇರಿಸಿದ ಹಾಳೆ ಯಾವುದೂ ಇರಲಿಲ್ಲ. ನೂರಾರು ನಾಟಕಗಳಲ್ಲಿ ನನ್ನ ಜಿಗಿತಗಳನ್ನು ಹೊಲಿದವಳು. ಎಲ್ಲಿ ಹರಿದಿದೆ ಎಂಬುದು ಆಕೆಗಲ್ಲದೆ ಇನ್ನಾರಿಗೆ ತಿಳಿದೀತು?

"ಹಾರಿಸಿದಿಯಲ್ಲ, ಅಣ್ಣಾ" ಎಂದಳು.

"ಹೌದು" ಎಂದೆ.

ಆಕೆ ಚಾಳೀಸು ತೆಗೆದು ಸೆರಗಿನಿಂದ ಒರೆಸುತ್ತ ಕೂತಳು. ನಾನು ಕಾಲು ಹಿಡಿಯಲು ಬಗ್ಗಿದೆ, ಕಾಲು ಹಿಂದಕ್ಕೆ ತೆಗೆದುಕೊಂಡಳು. ನನಗಲ್ಲ, ಗೋಡೆಗೆ ಹೇಳುವಂತೆ, "ಆ ಹುಡುಗಿ ಬಾಗಲದಾಗ ನಿಂತಿತ್ತು" ಎಂದಳು.

ಎದ್ದು ಮುಖ ತೊಳೆದು, ಬೇರೆ ಸೀರೆ ಉಟ್ಟು, ಬಾಗಿಲಿಗೆ ಕೀಲಿ ಹಾಕಿ ಹೊರಟಳು. ಗುಮಾಸ್ತ ನಿವೃತ್ತನಾಗಿ ಮತ್ತೆ ಲಕ್ಷ್ಮೇಶ್ವರಕ್ಕೆ ಬಂದು ನೆಲೆಸಿದ್ದು ನಮ್ಮಿಬ್ಬರಿಗೂ ಗೊತ್ತಿತ್ತು. ನಾನು ನಾಲ್ಕು ಹೆಜ್ಜೆ ಹಿಂದೆ ಬಸ್ ಸ್ಟ್ಯಾಂಡಿನವರೆಗೆ ನಡೆದೆ. ಬಸ್ಸುಗಳು ನಿಂತಿದ್ದವು. ಆಕೆ ಒಂದೊಂದರ ಮುಂದೆಯೂ ನಿಂತು, ತುಟಿ ಅಲುಗಿಸುತ್ತ ಬೋರ್ಡು ಓದಿ, ಲಕ್ಷ್ಮೇಶ್ವರದ ಬಸ್ಸು ಹತ್ತಿದಳು. ನಾನೂ ಹತ್ತಿ ಪಕ್ಕದ ಸೀಟಿಗೆ ಕೂತೆ.

"ಹೋಗಿ ಏನಂತ ಹೇಳ್ತಿ?" ಎಂದು ಕೇಳಿದೆ.

"ನನಗ ಓದಾಕ ಬರ್ತಿರಲಿಲ್ಲ ಅಂತ ಹೇಳ್ತೀನಿ. ಅವನ ಓಣಿಯವರ ಮುಂದ ಮಣ್ಣು ತೂರೀನಿ, ಅವರೆಲ್ಲಾರ ಮುಂದ ಹೇಳ್ತೀನಿ."

"ನಾನೂ ಬರ್ತೀನಿ, ತಂಗಿ."

ಆಕೆ ಕಿಟಕಿಯ ಕಡೆ ಮುಖ ಮಾಡಿದಳು. "ನೀ ಇಳಿ. ನಿನ್ನ ಹೆಸರು ಹೇಳೂದಿಲ್ಲ, ಅಂಜಬ್ಯಾಡ" ಎಂದಳು.

ಆ ಮಾತು ಕೇಳಿ ನನ್ನ ಎದೆ ಮತ್ತೆ ಹಗುರವಾಯಿತು. ಅದು ಹಗುರವಾದದ್ದು ನನಗೇ ಗೊತ್ತಾಯಿತು. ಆಕೆಗೂ ಗೊತ್ತಾಗಿರಬೇಕು. ಡ್ರೈವರ್ ಗಾಡಿ ಶುರು ಮಾಡಿದ. ನಾನು ಇಳಿದೆ.